ತುಮಕೂರಿನಲ್ಲಿ ಮೊದಲ ಏರ್ ರೈಫಲ್: ಸ್ಪ್ರಿಂಗ್, ಸಿಓಟು, ಗ್ಯಾಸ್ ಬ್ಲೋಬ್ಯಾಕ್, ಪಿಸಿಪಿ, ಯಾವುದು ತಗೋಬೇಕು?

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದ ಮೇಲೆ ನಮ್ಮ ಕಡೆಯ ಮನೆಗಳಲ್ಲೂ ಮಕ್ಕಳು ಏರ್ ರೈಫಲ್ ಕೊಡಿಸಿ ಅಂತ ಕೇಳುತ್ತಿದ್ದಾರೆ. ಅಪ್ಪ ಅಮ್ಮ ಫೋನ್ ತೆಗೆದು ಹುಡುಕುತ್ತಾರೆ. ಕಣ್ಣಿಗೆ ಮೊದಲು ಬೀಳುವುದು ಗ್ಯಾಸ್ ಬ್ಲೋಬ್ಯಾಕ್ ಏರ್‌ಸಾಫ್ಟ್ ರೈಫಲ್, ಅಂದರೆ ಗ್ಯಾಸಿನಿಂದ ಪ್ಲಾಸ್ಟಿಕ್ ಗುಂಡು ಹೊಡೆಯುವ ಆಟದ ಗನ್. ನೋಡಲು ಥೇಟ್ ಸೈನ್ಯದ ಬಂದೂಕು. ಒಂದೊಂದು ಹೊಡೆತಕ್ಕೂ ಬೋಲ್ಟ್ ಅನ್ನುವ ಒಳಗಿನ ತುಂಡು ಹಿಂದಕ್ಕೆ ಹಾರುತ್ತದೆ, ಭುಜಕ್ಕೆ ಸಣ್ಣ ಒದೆತ ಬರುತ್ತದೆ. ಹುಡುಗರ ಮನಸ್ಸು ಅಲ್ಲೇ ನಿಲ್ಲುತ್ತದೆ. ಅಂಗಡಿಗೆ ಹೋದರೆ ಅವರು ಸ್ಪ್ರಿಂಗ್ ಗನ್ ತೋರಿಸುತ್ತಾರೆ. ಸ್ಪರ್ಧೆಗೆ ಹೋಗುವವರನ್ನು ಕೇಳಿದರೆ ಪಿಸಿಪಿ (ಸಿಲಿಂಡರಿನಲ್ಲಿ ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹೊಡೆಯುವ ರೈಫಲ್) ಬಿಟ್ಟು ಬೇರೆ ಮಾತೇ ಇಲ್ಲ.

ಯಾರ ಮಾತೂ ಸುಳ್ಳಲ್ಲ. ಒಬ್ಬೊಬ್ಬರು ಒಂದೊಂದು ಕೆಲಸಕ್ಕೆ ಹೇಳುತ್ತಿದ್ದಾರೆ, ಅಷ್ಟೇ. ನಾನು ಮೊದಲು ಕೇಳುವ ಪ್ರಶ್ನೆಯೇ ಬೇರೆ. ಈ ಗನ್ನಿಗೆ ಗಾಳಿ ಎಲ್ಲಿಂದ ಬರುತ್ತದೆ? ಅದು ಖಾಲಿಯಾದರೆ, ಸೋರಿದರೆ, ತುಮಕೂರಿನಲ್ಲೇ ಕೂತು ಎಷ್ಟು ಸರಿಮಾಡಿಕೊಳ್ಳಬಹುದು? ಬ್ರ್ಯಾಂಡು, ವೇಗ, ಬಣ್ಣ ಎಲ್ಲ ಆಮೇಲೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೊಸದಾಗಿ ಕಲಿಯುವವರಿಗೆ ಸ್ಪ್ರಿಂಗ್ ರೈಫಲ್. ಸ್ಪರ್ಧೆಗೆ ಇಳಿಯುವುದು ಖಾತ್ರಿಯಾದ ಮೇಲೆ ಪಿಸಿಪಿ. ಸಿಓಟು (ಕಾರ್ಬನ್ ಡೈಆಕ್ಸೈಡ್ ಗ್ಯಾಸಿನದು) ಮತ್ತು ಗ್ಯಾಸ್ ಬ್ಲೋಬ್ಯಾಕ್ ಎರಡೂ ಗುರಿ ಕಲಿಯಲು ನಮ್ಮ ಊರಿಗೆ ಹೊಂದುವುದಿಲ್ಲ. ಯಾಕೆ ಅನ್ನುವುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಗುರಿ ಎಷ್ಟು ಚಿಕ್ಕದು ಅಂತ ನೋಡಿ

10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಟಾರ್ಗೆಟ್ಟಿನ ಒಟ್ಟು ಅಗಲ 45.5 ಮಿಲಿಮೀಟರ್. ಅದರ ನಡುವಿನ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಪೆನ್ನಿನಿಂದ ಇಟ್ಟ ಒಂದು ಚುಕ್ಕೆ, ಅದೂ ಮೂವತ್ತಮೂರು ಅಡಿ ದೂರದಲ್ಲಿ. ಅದಕ್ಕೆ 60 ಸಲ ಹೊಡೆಯಬೇಕು. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದಾಗ ಕೊನೆಯ ಹೊಡೆತ 10.8. ಅಂದರೆ ಆ ಚುಕ್ಕೆಯ ನಟ್ಟನಡುವಿಗೆ ತೀರಾ ಹತ್ತಿರ.

ಇಂಥ ಆಟಕ್ಕೆ ಶಕ್ತಿ ಮುಖ್ಯವೇ ಅಲ್ಲ. ಸ್ಪರ್ಧೆಯ ರೈಫಲ್ಲಿನಿಂದ 4.5 ಮಿಲಿಮೀಟರ್ ಪೆಲೆಟ್ (ಸೀಸದ ಪುಟ್ಟ ಗುಂಡು) ಸೆಕೆಂಡಿಗೆ ಸುಮಾರು 170-175 ಮೀಟರ್ ವೇಗದಲ್ಲಿ ಹೋಗುತ್ತದೆ. ಪೆಲೆಟ್ ತೂಕ ಅರ್ಧ ಗ್ರಾಂ ಆಸುಪಾಸು. ಲೆಕ್ಕ ಹಾಕಿದರೆ ಅದರ ಶಕ್ತಿ ಸುಮಾರು 8 ಜೌಲ್. ಅಂಗಡಿಯಲ್ಲಿ ಡಬ್ಬದ ಮೇಲೆ 'ಸಾವಿರ ಅಡಿ ವೇಗ' ಅಂತ ದೊಡ್ಡದಾಗಿ ಬರೆದಿರುವ ಗನ್ ಇದಕ್ಕಿಂತ ಒಳ್ಳೆಯದು ಅಂದುಕೊಳ್ಳಬೇಡಿ. ವೇಗ ಜಾಸ್ತಿ ಆದಷ್ಟೂ ಸ್ಪ್ರಿಂಗ್ ಬಿಗಿ, ಒದೆತ ಜಾಸ್ತಿ. ಮಗುವಿಗೆ ಬ್ಯಾರೆಲ್ ಬಗ್ಗಿಸಲೂ ಆಗುವುದಿಲ್ಲ.

ಕಾನೂನೂ ಇಲ್ಲೇ ಬರುತ್ತದೆ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ 4.5 ಮಿಲಿಮೀಟರ್ ಮತ್ತು 20 ಜೌಲ್ ಮೀರದ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಡ. ಎರಡರಲ್ಲಿ ಒಂದು ಮೀರಿದರೂ ಬೇಕು. ಹಾಗಾಗಿ .22 ಅಳತೆಯ, ಅಂದರೆ 5.5 ಮಿಲಿಮೀಟರಿನ ಏರ್ ರೈಫಲ್ ಯಾರಾದರೂ ಸುಮ್ನೆ ಮಾರುತ್ತೇನೆ ಅಂದರೆ ಕೈ ಹಾಕಬೇಡಿ. ಬಿಲ್ ಇಲ್ಲದೆ ಯಾವುದನ್ನೂ ತರಬೇಡಿ. ಬಿಲ್ಲಿನ ಒಂದು ನಕಲನ್ನು ಗನ್ ಚೀಲದೊಳಗೇ ಇಟ್ಟಿರಿ. ಬಿ.ಎಚ್. ರಸ್ತೆಯಲ್ಲಿ ಬೈಕ್ ಹಿಂದೆ ಕೂತು ಹೋಗುವಾಗ ಯಾರಾದರೂ ನಿಲ್ಲಿಸಿ ಕೇಳಿದರೆ ತೋರಿಸಬಹುದು.

ಸ್ಪ್ರಿಂಗ್ ರೈಫಲ್

ಸಿದ್ಧಗಂಗಾ ಜಾತ್ರೆಯಲ್ಲಿ ಬಲೂನ್ ಹೊಡೆಸುವ ಅಂಗಡಿ ನೋಡಿರುತ್ತೀರಿ. ಅಲ್ಲಿ ಕೈಗೆ ಕೊಡುವುದು ಇದೇ. ಬ್ಯಾರೆಲ್ ಹಿಡಿದು ಕೆಳಕ್ಕೆ ಬಗ್ಗಿಸಿದರೆ ಒಳಗಿನ ಪಿಸ್ಟನ್ ಹಿಂದಕ್ಕೆ ಸರಿಯುತ್ತದೆ, ಸ್ಪ್ರಿಂಗ್ ಅದುಮಿಕೊಂಡು ಕೊಂಡಿಗೆ ಸಿಗುತ್ತದೆ. ಪೆಲೆಟ್ ಇಟ್ಟು ಬ್ಯಾರೆಲ್ ಮುಚ್ಚಿ ಟ್ರಿಗರ್ ಎಳೆದರೆ ಪಿಸ್ಟನ್ ಮುಂದಕ್ಕೆ ನುಗ್ಗಿ ಎದುರಿನ ಗಾಳಿಯನ್ನು ಹಿಂಡುತ್ತದೆ. ಆ ಗಾಳಿಯೇ ಪೆಲೆಟ್ ತಳ್ಳುವುದು. ಜಾತ್ರೆಯ ಗನ್ ನೋಡಿ ಸ್ಪ್ರಿಂಗ್ ರೈಫಲ್ಲಿಗೆ ಗುರಿಯೇ ಇಲ್ಲ ಅಂತ ತೀರ್ಮಾನ ಮಾಡಬೇಡಿ. ಅದು ದಿನಕ್ಕೆ ನೂರಾರು ಕೈ ಬದಲಾಗುತ್ತದೆ, ಬ್ಯಾರೆಲ್ಲಿನ ಕೀಲು ಸಡಿಲವಾಗಿರುತ್ತದೆ, ಗುರಿ ನೋಡುವ ಸೈಟ್ ಬಾಗಿರುತ್ತದೆ.

ಇದರ ದೊಡ್ಡ ಗುಣ ಅಂದರೆ ಹೊರಗಿನಿಂದ ಏನೂ ತುಂಬಿಸಬೇಕಿಲ್ಲ. ಪಾವಗಡದ ಹಳ್ಳಿಯಲ್ಲಿದ್ದರೂ ಸರಿ, ಕ್ಯಾತ್ಸಂದ್ರದಲ್ಲಿದ್ದರೂ ಸರಿ, ಪೆಲೆಟ್ ಡಬ್ಬಿ ಇದ್ದರೆ ಸಾಕು. ಬೆಲೆಯೂ ಕೈಗೆಟುಕುತ್ತದೆ. ನಮ್ಮ ದೇಶದಲ್ಲೇ ತಯಾರಾಗುವ ಪ್ರಿಸಿಹೋಲ್‌ನಂಥ ಬ್ರ್ಯಾಂಡುಗಳ ರೈಫಲ್ ಸಿಗುವುದರಿಂದ ಗಾಳಿ ಸೋರದಂತೆ ತಡೆಯುವ ಸೀಲು, ಸ್ಪ್ರಿಂಗು ತರಿಸಿಕೊಳ್ಳುವುದೂ ಸುಲಭ.

ತೊಂದರೆ ಅಂದರೆ ಒದೆತ. ಪಿಸ್ಟನ್ ಮುಂದಕ್ಕೆ ನುಗ್ಗುವಾಗ ಗನ್ ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ ತುದಿಗೆ ಬಡಿದಾಗ ಗನ್ ಮತ್ತೆ ಮುಂದಕ್ಕೆ ಜಗ್ಗುತ್ತದೆ. ಪೆಲೆಟ್ ಇನ್ನೂ ಬ್ಯಾರೆಲ್ಲಿನೊಳಗೆ ಇರುವಾಗಲೇ ಇದು ಶುರುವಾಗಿರುತ್ತದೆ. ಆದ್ದರಿಂದ ಗಟ್ಟಿಯಾಗಿ ಹಿಡಿದರೆ ಕೆಲಸ ಕೆಡುತ್ತದೆ. ಮುಂದಿನ ಕೈಯನ್ನು ಅಂಗೈ ಬಿಚ್ಚಿ ಇಡಿ, ಗನ್ ಅದರ ಮೇಲೆ ಸುಮ್ನೆ ಕೂತಿರಲಿ. ಪ್ರತಿ ಸಲವೂ ಕೈ ಅದೇ ಜಾಗದಲ್ಲಿರಲಿ. ಟ್ರಿಗರ್ ಎಳೆದ ಮೇಲೂ ಒಂದೆರಡು ಕ್ಷಣ ಗುರಿ ನೋಡುತ್ತಲೇ ಇರಿ. ಈ ಅಭ್ಯಾಸ ಕೂತರೆ ಮುಂದೆ ಪಿಸಿಪಿ ಹಿಡಿದಾಗ ಅದು ತುಂಬಾ ಸುಲಭ ಅನ್ನಿಸುತ್ತದೆ. ಕಲಿಯಲು ಸ್ಪ್ರಿಂಗ್ ಒಳ್ಳೆಯದು ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಕೈಯ ತಪ್ಪು ಕಾಗದದ ಮೇಲೆ ತಕ್ಷಣ ಕಾಣುತ್ತದೆ.

ಈಗ ನೋಡಿಕೊಳ್ಳುವ ವಿಷಯ. ಪೆಲೆಟ್ ಇಲ್ಲದೆ ಯಾವತ್ತೂ ಟ್ರಿಗರ್ ಎಳೆಯಬೇಡಿ. ಪೆಲೆಟ್ ಇದ್ದರೆ ಅದರ ಹಿಂದೆ ಗಾಳಿ ಕಟ್ಟಿಕೊಂಡು ಪಿಸ್ಟನ್ನಿಗೆ ಮೆತ್ತೆಯಾಗುತ್ತದೆ. ಇಲ್ಲದಿದ್ದರೆ ಪಿಸ್ಟನ್ ನೇರ ಲೋಹಕ್ಕೆ ಬಡಿಯುತ್ತದೆ. ನೆಂಟರ ಹುಡುಗರು ಮನೆಗೆ ಬಂದಾಗ 'ಟಕ್ ಟಕ್' ಅನ್ನಿಸಿ ನೋಡುವುದು ಇದ್ದೇ ಇರುತ್ತದೆ, ಅದೇ ಸೀಲಿಗೆ ಶತ್ರು. ಬಗ್ಗಿಸಿದ ಗನ್ನನ್ನು ಗಂಟೆಗಟ್ಟಲೆ ಹಾಗೇ ಇಡಬೇಡಿ, ಸ್ಪ್ರಿಂಗ್ ಸೋಲುತ್ತದೆ. ಪೆಲೆಟ್ ಇಡುವಾಗ ಇನ್ನೊಂದು ಕೈ ಬ್ಯಾರೆಲ್ಲನ್ನು ಗಟ್ಟಿಯಾಗಿ ಹಿಡಿದೇ ಇರಬೇಕು. ಕೊಂಡಿ ಜಾರಿ ಬ್ಯಾರೆಲ್ ಮುಚ್ಚಿಕೊಂಡರೆ ಬೆರಳು ಹೋಗುತ್ತದೆ. ಇದನ್ನು ಮಗುವಿಗೆ ಗುರಿ ಹಿಡಿಯುವುದಕ್ಕಿಂತ ಮೊದಲು ಕಲಿಸಿ.

ಎಣ್ಣೆಯ ವಿಷಯ ಸ್ವಲ್ಪ ಒತ್ತಿ ಹೇಳಬೇಕು. ತಿಪಟೂರು ಇರುವ ನಮ್ಮ ಜಿಲ್ಲೆಯವರ ಕೈ ಎಲ್ಲದಕ್ಕೂ ಕೊಬ್ಬರಿ ಎಣ್ಣೆಗೆ ಹೋಗುತ್ತದೆ. ಗನ್ನಿಗೆ ಬೇಡ. ಡಿಸೆಂಬರ್ ಬೆಳಗ್ಗೆ ಬಾಟಲಿಯಲ್ಲಿ ಹೇಗೆ ಗಟ್ಟಿಯಾಗುತ್ತದೋ ಗನ್ನಿನೊಳಗೂ ಹಾಗೇ ಆಗುತ್ತದೆ, ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಹೊಲಿಗೆ ಮಷಿನ್ ಎಣ್ಣೆಯನ್ನು ಬ್ಯಾರೆಲ್ಲಿನ ಕೀಲಿಗೆ ಒಂದು ಹನಿ, ಹೊರಗಿನ ಲೋಹಕ್ಕೆ ಬಟ್ಟೆಯಲ್ಲಿ ಒರೆಸಿದಷ್ಟು ಹಾಕಬಹುದು. ಆದರೆ ಪಿಸ್ಟನ್ ಓಡಾಡುವ ಕೋಣೆಗೆ ಅದು ಹೋಗಬಾರದು. ಗಾಳಿ ಒಮ್ಮೆಗೆ ಹಿಂಡಿದಾಗ ಒಳಗೆ ವಿಪರೀತ ಬಿಸಿಯಾಗುತ್ತದೆ. ಅಲ್ಲಿ ಎಣ್ಣೆ ಇದ್ದರೆ ಡೀಸೆಲ್ ಇಂಜಿನ್ನಿನಲ್ಲಿ ಆಗುವ ಹಾಗೆ ಹೊತ್ತಿಕೊಳ್ಳುತ್ತದೆ. ಹೊಗೆ, ಜೋರು ಶಬ್ದ, ಸುಟ್ಟ ವಾಸನೆ ಬಂದರೆ ಇದೇ. ಶಬ್ದ ಜೋರಾಯಿತು, ಗನ್ ಪವರ್ ಬಂತು ಅಂತ ಖುಷಿಪಡುವವರಿದ್ದಾರೆ. ಒಳಗೆ ಸೀಲ್ ಸುಡುತ್ತಿರುತ್ತದೆ.

ಗಾಳಿ ಸೋರುತ್ತಿದೆಯೋ ಇಲ್ಲವೋ ನೋಡಲು ಒಂದು ಸರಳ ಪರೀಕ್ಷೆ ಇದೆ. ಬ್ಯಾರೆಲ್ ಮುಚ್ಚುವ ಜಾಗದ ಮೇಲೆ, ಸಂದಿಗೆ ಅಡ್ಡಲಾಗಿ, ಟಿಶ್ಯೂ ಕಾಗದದ ಸಣ್ಣ ಚೂರು ಇಡಿ. ಪೆಲೆಟ್ ಹಾಕಿ ಟಾರ್ಗೆಟ್ಟಿಗೆ ಹೊಡೆಯಿರಿ. ಒದೆತಕ್ಕೆ ಕಾಗದ ಸ್ವಲ್ಪ ಅಲ್ಲಾಡಿ ಜಾರಿದರೆ ಪರವಾಗಿಲ್ಲ. ಪುರ್ರೆಂದು ಮೇಲಕ್ಕೆ ಹಾರಿದರೆ ಅಲ್ಲಿನ ಉಂಗುರದಂಥ ಸೀಲ್ ಸವೆದಿದೆ. ಅದನ್ನು ಬದಲಿಸುವುದು ದೊಡ್ಡ ಕೆಲಸವಲ್ಲ. ಹಳೆಯದನ್ನು ಮೊಂಡಾದ ಸೂಜಿಯಿಂದ ಎತ್ತಿ, ಕುಳಿಯನ್ನು ಒಣ ಬಟ್ಟೆಯಲ್ಲಿ ಒರೆಸಿ, ಅದೇ ಅಳತೆಯ ಹೊಸದನ್ನು ಬೆರಳಿನಿಂದ ಒತ್ತಿ ಕೂರಿಸಿ. ಒಳಗಿನ ಸ್ಪ್ರಿಂಗ್ ಬದಲಿಸುವುದು ಮಾತ್ರ ಮನೆಯಲ್ಲಿ ಬೇಡ. ಅದುಮಿದ ಸ್ಪ್ರಿಂಗ್ ಎದೆಗೆ ಹಾರಿದರೆ ಕಷ್ಟ. ಅದಕ್ಕೆ ಕ್ಲ್ಯಾಂಪ್ ಇರುವ ರಿಪೇರಿಯವರೇ ಬೇಕು.

ಸ್ಪ್ರಿಂಗ್ ಬದಲು ಒಳಗೆ ಗ್ಯಾಸ್ ತುಂಬಿದ ಪಿಸ್ಟನ್ ಇರುವ ರೈಫಲ್ಲೂ ಬರುತ್ತದೆ, ನೈಟ್ರೋ ಪಿಸ್ಟನ್ ಅಂತಾರೆ. ಅದು ಬಗ್ಗಿಸಿಟ್ಟರೂ ಸೋಲುವುದಿಲ್ಲ, ಆಡುವಾಗ ಕಿರುಗುಟ್ಟುವುದಿಲ್ಲ. ಆದರೆ ಗ್ಯಾಸ್ ಸೋರಿದರೆ ಇಡೀ ಪಿಸ್ಟನ್ನೇ ಹೊಸದು ಹಾಕಿಸಬೇಕು. ಮೊದಲ ಗನ್ನಿಗೆ ಸಾದಾ ಸ್ಪ್ರಿಂಗೇ ಸಾಕು.

ಸಿಓಟು

12 ಗ್ರಾಂ ಪುಟ್ಟ ಸಿಲಿಂಡರ್ ಹಾಕಿ ಹೊಡೆಯುವ ಗನ್ ಇವು. ಒದೆತ ಇಲ್ಲ, ಬಗ್ಗಿಸುವ ಶ್ರಮ ಇಲ್ಲ. ತೊಂದರೆ ಹವೆಯದ್ದು. ಸಿಓಟು ಒತ್ತಡ ಬಿಸಿಯ ಜೊತೆ ಏರುತ್ತದೆ. 20 ಡಿಗ್ರಿಯಲ್ಲಿ ಸುಮಾರು 57 ಬಾರ್, 30 ಡಿಗ್ರಿಯಲ್ಲಿ 72 ಬಾರ್. ಜನವರಿ ಬೆಳಗ್ಗೆ ಸರಿಮಾಡಿದ ಸೈಟ್ ಏಪ್ರಿಲ್ ಮಧ್ಯಾಹ್ನ ಬೇರೆ ಕಡೆ ಹೊಡೆಯುತ್ತದೆ. ಬೇಗ ಬೇಗ ಹೊಡೆದರೆ ಗ್ಯಾಸ್ ತಣ್ಣಗಾಗಿ ಪೆಲೆಟ್ ಕೆಳಗೆ ಬೀಳುತ್ತದೆ. ಒಂದು ಕಾಲದಲ್ಲಿ ಸ್ಪರ್ಧೆಯಲ್ಲೂ ಸಿಓಟು ರೈಫಲ್ ಇದ್ದವು, ಒತ್ತಿದ ಗಾಳಿಯ ರೈಫಲ್ ಬಂದ ಮೇಲೆ ಹಿಂದೆ ಸರಿದವು. ಮೇಲಾಗಿ ಪ್ರತಿ ಸಿಲಿಂಡರಿಗೂ ದುಡ್ಡು. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಇವನ್ನು ಬಿಡಲೇಬಾರದು. ಇಷ್ಟು ಹೇಳಿದರೆ ಸಾಕು.

ಗ್ಯಾಸ್ ಬ್ಲೋಬ್ಯಾಕ್ ಏರ್‌ಸಾಫ್ಟ್

ಇದರ ಮೇಲೆ ಆಸೆ ಇರುವವರು ಜಾಸ್ತಿ, ಅದಕ್ಕೇ ಸರಿಯಾಗಿ ಹೇಳಬೇಕು. ಗುಂಡು ತುಂಬುವ ಮ್ಯಾಗಜೀನಿನೊಳಗೇ ದ್ರವರೂಪದ ಗ್ಯಾಸೂ ಇರುತ್ತದೆ. ಗ್ರೀನ್ ಗ್ಯಾಸ್ ಅಂತ ಮಾರುವುದು ಹೆಚ್ಚಾಗಿ ಪ್ರೊಪೇನ್, ಜೊತೆಗೆ ಸ್ವಲ್ಪ ಸಿಲಿಕೋನ್ ಎಣ್ಣೆ. ಟ್ರಿಗರ್ ಎಳೆದಾಗ ಸುತ್ತಿಗೆ ವಾಲ್ವಿಗೆ ಬಡಿಯುತ್ತದೆ. ಹೊರಬಂದ ಗ್ಯಾಸಿನಲ್ಲಿ ಒಂದು ಪಾಲು 6 ಮಿಲಿಮೀಟರ್ ಪ್ಲಾಸ್ಟಿಕ್ ಗುಂಡನ್ನು ಮುಂದಕ್ಕೆ ತಳ್ಳುತ್ತದೆ, ಉಳಿದ ಪಾಲು ಬೋಲ್ಟನ್ನು ಹಿಂದಕ್ಕೆ ನೂಕುತ್ತದೆ. ಬೋಲ್ಟ್ ವಾಪಸು ಬರುವಾಗ ಮುಂದಿನ ಗುಂಡನ್ನು ಎತ್ತಿಕೊಳ್ಳುತ್ತದೆ. ಬ್ಯಾರೆಲ್ಲಿನ ಬುಡದಲ್ಲಿ ಹಾಪ್-ಅಪ್ ಅನ್ನುವ ರಬ್ಬರ್ ಗುಬುಟು ಇದೆ. ಅದು ಗುಂಡಿನ ತಲೆಯನ್ನು ಸವರಿ ಹಿಮ್ಮುಖವಾಗಿ ತಿರುಗಿಸುತ್ತದೆ, ಹಾಗಾಗಿ ಗುಂಡು ಗಾಳಿಯಲ್ಲಿ ತೇಲಿಕೊಂಡು ದೂರ ಹೋಗುತ್ತದೆ. ಯಂತ್ರವಾಗಿ ನೋಡಿದರೆ ಇದು ನಿಜಕ್ಕೂ ಚಂದದ ಕೆಲಸ. ಟೋಕಿಯೋ ಮರುಯಿ, ಜಿಎಚ್‌ಕೆ, ವಿಎಫ್‌ಸಿ ಕಂಪನಿಗಳ ರೈಫಲ್ ಬಿಚ್ಚಿ ನೋಡಿದವರಿಗೆ ಅದು ಗೊತ್ತಿರುತ್ತದೆ.

ಅದರ ಶಕ್ತಿ ಮಾತ್ರ ಸಣ್ಣದು. 0.20 ಗ್ರಾಂ ಗುಂಡು ಸೆಕೆಂಡಿಗೆ 100 ಮೀಟರ್ ಹೋದರೆ 1 ಜೌಲ್. ಜಪಾನಿನಲ್ಲಿ ಕಾನೂನೇ 0.98 ಜೌಲ್ ಮಿತಿ ಹಾಕಿದೆ. ಮನುಷ್ಯರು ರಕ್ಷಣೆಯ ಕನ್ನಡಕ ಹಾಕಿಕೊಂಡು ಎದುರುಬದುರು ಆಡುವ ಆಟಕ್ಕೆ ಮಾಡಿದ್ದು ಅದು. ಬ್ಯಾರೆಲ್ಲಿನೊಳಗೆ ತಿರುಚಿನ ಗೆರೆಗಳಿಲ್ಲ, ಗುಂಡು ಪ್ಲಾಸ್ಟಿಕ್ಕು. ಅರ್ಧ ಮಿಲಿಮೀಟರ್ ಚುಕ್ಕೆಯನ್ನು ಅದರಿಂದ ಕೇಳುವುದು ನ್ಯಾಯವಲ್ಲ.

ಸಿಓಟುವಿನ ಹವೆಯ ತೊಂದರೆ ಇಲ್ಲೂ ಇದೆ. ಪ್ರೊಪೇನ್ 20 ಡಿಗ್ರಿಯಲ್ಲಿ ಸುಮಾರು 8 ಬಾರ್ ಇದ್ದರೆ 35 ಡಿಗ್ರಿಯಲ್ಲಿ 12 ಬಾರ್ ಹತ್ತಿರ ಹೋಗುತ್ತದೆ. ನಮ್ಮ ಮಾರ್ಚ್-ಏಪ್ರಿಲ್ ಬಿಸಿಲಿನಲ್ಲಿ ಒತ್ತಡ ಏರಿ ಬೋಲ್ಟು, ಅದರ ಏಟು ತಡೆಯುವ ಬಫರು ಬೇಗ ಸವೆಯುತ್ತವೆ. ಒತ್ತಡ ತೀರಾ ಜಾಸ್ತಿಯಾದರೆ ಸುತ್ತಿಗೆಯ ಏಟಿಗೆ ವಾಲ್ವ್ ತೆರೆಯುವುದೇ ಇಲ್ಲ. ಚಳಿಗಾಲದ ಬೆಳಗ್ಗೆ ಬೋಲ್ಟ್ ಅರ್ಧಕ್ಕೇ ನಿಲ್ಲುತ್ತದೆ. ಸತತವಾಗಿ ಹೊಡೆದರೆ ಮ್ಯಾಗಜೀನ್ ಕೈಗೆ ಕೊರೆಯುವಷ್ಟು ತಣ್ಣಗಾಗುತ್ತದೆ, ಒಂದೊಂದು ಗುಂಡೂ ಹಿಂದಿನದಕ್ಕಿಂತ ಮೆಲ್ಲಗೆ ಹೋಗುತ್ತದೆ.

ಊರಿನ ತೊಂದರೆ ಬೇರೆ. ಹೊರದೇಶದಿಂದ ತರಿಸಿದರೆ ಕಸ್ಟಮ್ಸ್‌ನಲ್ಲಿ ತಡೆಯುವುದು ಮಾಮೂಲು. ನಿಜವಾದ ಬಂದೂಕಿನ ತದ್ರೂಪುಗಳೂ 2016ರ ನಿಯಮಗಳ ಕಣ್ಣಲ್ಲಿವೆ. ತುಮಕೂರಿನಲ್ಲಿ ಅದಕ್ಕೆ ಗ್ಯಾಸೂ ಇಲ್ಲ, ಒಂದು ನಾಝಲ್ ಮುರಿದರೆ ಬದಲಿ ಸಾಮಾನೂ ಇಲ್ಲ. ಎಲ್ಲಕ್ಕಿಂತ ನನಗೆ ಚಿಂತೆ ಅದರ ರೂಪದ್ದು. ಶಿರಾ ಗೇಟ್ ಹತ್ತಿರ ಒಬ್ಬ ಹುಡುಗ ಅದನ್ನು ಹೆಗಲಿಗೆ ಹಾಕಿಕೊಂಡು ನಡೆದರೆ ಜನಕ್ಕೆ, ಪೊಲೀಸರಿಗೆ ಅದು ಆಟದ್ದು ಅಂತ ದೂರದಿಂದ ಹೇಗೆ ಗೊತ್ತಾಗಬೇಕು? ಮಗನ ಮೇಲಿನ ಪ್ರೀತಿಗೆ ಕೊಡಿಸಿದ ವಸ್ತು ಅವನನ್ನೇ ಅಪಾಯಕ್ಕೆ ತಳ್ಳಬಾರದು ಅಲ್ವಾ?

ಈಗಾಗಲೇ ಒಂದು ಕೈಯಲ್ಲಿದ್ದವರಿಗೆ ನಾಲ್ಕು ಮಾತು. ರಬ್ಬರ್ ಸೀಲುಗಳಿಗೆ ಸಿಲಿಕೋನ್ ಎಣ್ಣೆ ಮಾತ್ರ, ಪೆಟ್ರೋಲಿಯಂ ಎಣ್ಣೆ ತಾಗಿದರೆ ರಬ್ಬರ್ ಊದಿಕೊಳ್ಳುತ್ತದೆ. ಬೋಲ್ಟ್ ಉಜ್ಜುವ ಲೋಹದ ಜಾಗಕ್ಕೆ ತೆಳುವಾಗಿ ಗ್ರೀಸ್. ಹಾಪ್-ಅಪ್ ರಬ್ಬರಿಗೆ ಎಣ್ಣೆ ತಾಗಬಾರದು. ತಾಗಿದರೆ ಗುಂಡು ಎತ್ತೆತ್ತಲೋ ಹೋಗುತ್ತದೆ, ಒಣ ಬಟ್ಟೆ ಸುತ್ತಿದ ಕಡ್ಡಿಯಿಂದ ಬ್ಯಾರೆಲ್ ಒರೆಸಿ. ಮ್ಯಾಗಜೀನ್ ಎತ್ತಿಡುವಾಗ ಒಂಚೂರು ಗ್ಯಾಸ್ ಒಳಗಿರಲಿ, ಸೀಲುಗಳು ಅದರ ಒತ್ತಡಕ್ಕೆ ಸರಿಯಾಗಿ ಕೂತಿರುತ್ತವೆ. ಸೋರುತ್ತಿದೆ ಅನ್ನಿಸಿದರೆ ನೀರಿನಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿಂದ ಬರುತ್ತದೆ ನೋಡಿ, ಆಮೇಲೆ ಚೆನ್ನಾಗಿ ಒಣಗಿಸಿ. ಅಡುಗೆ ಸಿಲಿಂಡರಿನಿಂದ ತುಂಬುವ ಪ್ರಯೋಗ ಯಾರೂ ಮಾಡಬೇಡಿ. ಗ್ರೀನ್ ಗ್ಯಾಸ್ ಕೂಡ ಬೆಂಕಿ ಹಿಡಿಯುವಂಥದ್ದೇ. ಒಲೆ, ದೀಪ, ಬೀಡಿ ಹತ್ತಿರ ಇಲ್ಲದ ಕಡೆಯಲ್ಲೇ ತುಂಬಬೇಕು.

ಪಿಸಿಪಿ

ಸ್ಪರ್ಧೆಯಲ್ಲಿ ಇವತ್ತು ಕಾಣುವ ವಾಲ್ಥರ್, ಫೈನ್‌ವರ್ಕ್‌ಬಾವ್, ಅನ್‌ಶುಟ್ಸ್, ಸ್ಟೈಯರ್ ರೈಫಲ್ಲುಗಳೆಲ್ಲ ಇದೇ ಜಾತಿ. ಬ್ಯಾರೆಲ್ಲಿನ ಕೆಳಗಿನ ಸಿಲಿಂಡರಿನಲ್ಲಿ 200 ಬಾರ್ ಗಾಳಿ ತುಂಬಿರುತ್ತದೆ. ರೆಗ್ಯುಲೇಟರ್ ಅದನ್ನು ಇಳಿಸಿ ಪ್ರತಿ ಹೊಡೆತಕ್ಕೂ ಒಂದೇ ಅಳತೆಯ ಗಾಳಿ ಕೊಡುತ್ತದೆ. ಒದೆತ ಅನ್ನುವುದು ಇಲ್ಲವೇ ಇಲ್ಲ ಅನ್ನಬಹುದು. ಒಂದು ಸಲ ತುಂಬಿದರೆ ಇನ್ನೂರಕ್ಕೂ ಮೇಲೆ ಹೊಡೆಯಬಹುದು. ಬೆಲೆ ಲಕ್ಷಗಳಲ್ಲಿ. ಅದಕ್ಕೇ ಮಗು ಆರು ತಿಂಗಳಲ್ಲಿ ಬಿಟ್ಟುಬಿಡುತ್ತಾ, ಮುಂದುವರಿಸುತ್ತಾ ಅಂತ ನೋಡಿಯೇ ಇಳಿಯಬೇಕು. ಕ್ಲಬ್ಬಿನ ರೈಫಲ್ಲಿನಲ್ಲಿ ಅಭ್ಯಾಸ ಮಾಡಲು ಅವಕಾಶ ಇದ್ದರೆ ಇನ್ನೂ ಒಳ್ಳೆಯದು.

ತುಮಕೂರಿನವರಿಗೆ ಇಲ್ಲಿರುವ ದೊಡ್ಡ ಪ್ರಶ್ನೆ ಗಾಳಿ ತುಂಬಿಸುವುದು ಎಲ್ಲಿ ಅನ್ನುವುದು. ಬಟವಾಡಿಯ ಪಂಕ್ಚರ್ ಅಂಗಡಿಯ ಕಂಪ್ರೆಸರಿನಲ್ಲಿ ಆಗುವುದಿಲ್ಲ. ಅದು ಕೊಡುವುದು 8-10 ಬಾರ್, ನಮಗೆ ಬೇಕಾದ್ದು 200. ಆಸ್ಪತ್ರೆಯ ಆಕ್ಸಿಜನ್ ಸಿಲಿಂಡರಿನಲ್ಲಿ ಒತ್ತಡ ಇದೆಯಲ್ಲ ಅಂತ ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಕೇಳಬೇಡಿ. ಒತ್ತಿದ ಆಕ್ಸಿಜನ್ನಿಗೆ ಒಂದು ಹನಿ ಎಣ್ಣೆ, ಗ್ರೀಸ್ ಸಿಕ್ಕರೂ ಸ್ಫೋಟ ಆಗಬಹುದು. ಗನ್ ಮುಖದ ಪಕ್ಕದಲ್ಲೇ ಇರುತ್ತದೆ. ಉಸಿರಾಡುವ ಸಾದಾ ಗಾಳಿ, ಅದೂ ಒಣಗಿದ್ದು, ಅದನ್ನು ಬಿಟ್ಟು ಬೇರೇನೂ ಒಳಗೆ ಹೋಗಬಾರದು.

ಉಳಿಯುವುದು ಮೂರು ದಾರಿ. ಕ್ಲಬ್ಬಿನ ಕಂಪ್ರೆಸರ್, ಸ್ವಂತ ದೊಡ್ಡ ಸಿಲಿಂಡರ್ ಇಟ್ಟುಕೊಂಡು ಬೆಂಗಳೂರಿನಲ್ಲಿ ತುಂಬಿಸಿ ತರುವುದು, ಇಲ್ಲವೇ ಮನೆಯಲ್ಲೇ ಕೈ ಪಂಪು. ಒಬ್ಬರೇ ಅಭ್ಯಾಸ ಮಾಡುವವರಿಗೆ ನಾನು ಕೈ ಪಂಪು ಹೇಳುತ್ತೇನೆ. ಕಷ್ಟ ಇದೆ, ನಿಜ. 150 ಬಾರ್ ದಾಟಿದ ಮೇಲೆ ಇಡೀ ಮೈಭಾರ ಹಾಕಬೇಕು. ಆದರೆ ಗನ್ ಪೂರ್ತಿ ಖಾಲಿಯಾಗಲು ಬಿಡದೆ ದಿನವೂ ಸ್ವಲ್ಪ ಸ್ವಲ್ಪ ತುಂಬಿಕೊಂಡರೆ ಅಷ್ಟು ಭಾರ ಅನ್ನಿಸುವುದಿಲ್ಲ. ಪಂಪಿನ ಕೊಳವೆ ಮುಟ್ಟಲಾಗದಷ್ಟು ಬಿಸಿಯಾದರೆ ನಿಲ್ಲಿಸಿ, ತಣ್ಣಗಾಗಲಿ. ಕೊನೆಯಲ್ಲಿ ಪಂಪಿನ ಬಿಡುಗಡೆ ತಿರುಪು ಸಡಿಲಿಸಿದಾಗ ಪುಸ್ ಅಂತ ಗಾಳಿಯ ಜೊತೆ ನೀರಿನ ತುಂತುರು ಬರುವುದನ್ನು ಗಮನಿಸಿ. ಗಾಳಿಯಲ್ಲಿರುವ ತೇವವೇ ಅದು. ಮಳೆಗಾಲದಲ್ಲಿ ಜಾಸ್ತಿ. ಅದನ್ನು ಆಗಾಗ ಹೊರಬಿಡದಿದ್ದರೆ ಸಿಲಿಂಡರಿನೊಳಗೆ ಹೋಗಿ ತುಕ್ಕು ತರುತ್ತದೆ. ಜುಲೈ, ಆಗಸ್ಟಿನಲ್ಲಿ ಬಿಸಿಲು ಬಿದ್ದ ಮಧ್ಯಾಹ್ನ ಪಂಪು ಹೊಡೆಯುವುದು ವಾಸಿ.

ಪಿಸಿಪಿಯಲ್ಲಿ ನೀವು ಮಾಡಬಹುದಾದ ರಿಪೇರಿ ಕಡಿಮೆ. ಓ-ರಿಂಗ್ ಅನ್ನುವ ರಬ್ಬರ್ ಉಂಗುರಕ್ಕೆ ಸಿಲಿಕೋನ್ ಗ್ರೀಸ್ ಚೂರು ಸವರಬಹುದು, ಸಿಲಿಂಡರ್ ಕೂರುವ ಎಳೆಗಳನ್ನು ಒರೆಸಬಹುದು, ಅಷ್ಟೇ. ಎಚ್‌ಎಂಟಿ ಕೈಗಡಿಯಾರ ಮಾಡಿದ ಊರು ನಮ್ಮದು, ಸಣ್ಣ ತಿರುಪು ಬಿಚ್ಚುವ ಒಳ್ಳೆಯ ಕೈಗಳಿಗೆ ಇಲ್ಲಿ ಕೊರತೆ ಇಲ್ಲ. ಆದರೂ ಗಾಳಿ ತುಂಬಿದ ಗನ್ನಿನ ರೆಗ್ಯುಲೇಟರ್ ಬಿಚ್ಚಲು ಯಾರ ಕೈಗೂ ಕೊಡಬೇಡಿ. ಮೊದಲು ಗಾಳಿ ಪೂರ್ತಿ ಹೊರಗೆ, ಆಮೇಲೆ ಗೊತ್ತಿರುವ ಮೆಕ್ಯಾನಿಕ್. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸ್ಪರ್ಧೆಯ ನಡುವೆಯೇ ಮನು ಭಾಕರ್ ಅವರ ಪಿಸ್ತೂಲು ಕೆಟ್ಟು ಸಮಯ ಹೋಯಿತು. ಅಂಥ ಮಟ್ಟದಲ್ಲೇ ಹಾಗಾಗುತ್ತದೆ ಅಂದರೆ ನಾವು ಸರ್ವಿಸ್ ದಿನಾಂಕ ಬರೆದಿಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ.

ಸ್ಪ್ರಿಂಗ್ ಮತ್ತು ಪಿಸಿಪಿ ನಡುವೆ ಇನ್ನೊಂದು ಜಾತಿ ಇದೆ. ಪಕ್ಕದ ಲಿವರ್ ಒಂದು ಸಲ ಎಳೆದರೆ ಒಂದು ಹೊಡೆತಕ್ಕೆ ಬೇಕಾದ ಗಾಳಿ ಕೂಡಿಕೊಳ್ಳುತ್ತದೆ. ಫೈನ್‌ವರ್ಕ್‌ಬಾವ್ 600 ಇಂಥದ್ದು. ಒದೆತವೂ ಇಲ್ಲ, ಪಂಪು-ಸಿಲಿಂಡರಿನ ಗೋಜೂ ಇಲ್ಲ. ಹಳೆಯದು ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ನಾನು ಎರಡನೇ ಯೋಚನೆ ಮಾಡದೆ ತಗೊಳ್ಳಿ ಅನ್ನುತ್ತೇನೆ. ತುಂಬಾ ವರ್ಷ ಸುಮ್ನೆ ಇಟ್ಟಿದ್ದರೆ ಸೀಲ್ ಒಣಗಿರುತ್ತದೆ, ಅದೊಂದನ್ನು ಮೊದಲು ಬದಲಿಸಿ.

ಮನೆಯಲ್ಲಿ ಅಭ್ಯಾಸ

30×40 ಸೈಟಿನ ಮನೆಯಲ್ಲಿ 10 ಮೀಟರ್ ಸಿಗುತ್ತದೆ. ಹಿತ್ತಲಿನ ಬಾಗಿಲು, ನಡುಮನೆ, ಮುಂದಿನ ಕೋಣೆ ಒಂದೇ ನೇರದಲ್ಲಿದ್ದರೆ ಸಾಕು. ಟಾರ್ಗೆಟ್ಟಿನ ನಡುವು ನೆಲದಿಂದ 1.4 ಮೀಟರ್ ಎತ್ತರದಲ್ಲಿರಲಿ. ಹಿಂದೆ ದಪ್ಪ ತಗಡಿನ ಪೆಟ್ಟಿಗೆ, ಒಳಗೆ ಹಳೆಯ ಬಟ್ಟೆ ತುಂಬಿ ಇಡಿ. ಬರೀ ಕಾಂಪೌಂಡ್ ಗೋಡೆಗೆ ಹೊಡೆದರೆ ಪೆಲೆಟ್ ತಿರುಗಿ ಬರುತ್ತದೆ. ಕಣ್ಣಿಗೆ ಕನ್ನಡಕ ಇರಲೇಬೇಕು. ನಡುವಿನ ಬಾಗಿಲುಗಳಿಗೆ ಚಿಲಕ ಹಾಕಿಕೊಳ್ಳಿ, ಮನೆಯವರು ಕಾಫಿ ತರುತ್ತಾ ಅಡ್ಡ ಬರಬಾರದು. ಪೆಲೆಟ್ ಸೀಸದ್ದು. ಮುಟ್ಟಿದ ಕೈಯಲ್ಲಿ ಮಗು ಬಿಸ್ಕತ್ತು ತಿನ್ನಬಾರದು, ಸೋಪು ಹಾಕಿ ತೊಳೆಯಲಿ. ಸ್ಪರ್ಧೆಯ ಅಭ್ಯಾಸಕ್ಕೆ ಚಪ್ಪಟೆ ತಲೆಯ ಪೆಲೆಟ್ಟೇ ತನ್ನಿ, ಕಾಗದದಲ್ಲಿ ದುಂಡಗೆ ಕತ್ತರಿಸಿದಂಥ ತೂತು ಬೀಳುತ್ತದೆ, ಅಂಕ ಓದಲು ಸುಲಭ.

ತೋಟಕ್ಕೆ ಒಯ್ಯಬೇಡಿ. ತೆಂಗಿಗೆ ಬರುವ ಮಂಗ, ಹೊಲಕ್ಕೆ ಬರುವ ನವಿಲು ಓಡಿಸಲು ಏರ್‌ಗನ್ ತಗೊಳ್ಳುವವರಿದ್ದಾರೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿಗೇ ಮೀಸಲು ಪ್ರದೇಶ ಮಾಡಿರುವ ಜಿಲ್ಲೆ ಇದು. ನವಿಲಿಗೆ, ಕೃಷ್ಣಮೃಗಕ್ಕೆ ಹೊಡೆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಜೈಲು. ಕಾನೂನಿನ ಮಾತು ಹಾಗಿರಲಿ, ಸಣ್ಣ ಪೆಲೆಟ್ ಪ್ರಾಣಿಯನ್ನು ತಕ್ಷಣ ಕೊಲ್ಲದೆ ಒಳಗೇ ಉಳಿದು ಗಾಯ ಕೊಳೆಯಿಸಬಹುದು. ಅಂಥ ಹಿಂಸೆ ಬೇಡವೇ ಬೇಡ.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ

ಸ್ಪ್ರಿಂಗ್ ರೈಫಲ್ ಆದರೆ ಬ್ಯಾರೆಲ್ಲನ್ನು ಅಡ್ಡಡ್ಡ ಅಲ್ಲಾಡಿಸಿ ನೋಡಿ, ಲಟಲಟ ಅಂದರೆ ಬಿಡಿ. ಟಿಶ್ಯೂ ಪರೀಕ್ಷೆ ಅಲ್ಲೇ ಮಾಡಿ. ಹತ್ತು ಪೆಲೆಟ್ ಒಂದೇ ಜಾಗಕ್ಕೆ ಹೊಡೆಯಲು ಕೇಳಿ. ಮಾರುವವರು ಬೇಸರ ಮಾಡಿಕೊಂಡರೂ ಪರವಾಗಿಲ್ಲ. ಮಗುವಿನ ಭುಜಕ್ಕೆ ಇಟ್ಟು ನೋಡುವುದನ್ನು ಮರೆಯಬೇಡಿ. ಕತ್ತು ಮುಂದಕ್ಕೆ ಚಾಚದೆ ಕಣ್ಣು ಸೈಟಿಗೆ ಬರಬೇಕು, ಬಂದಿಲ್ಲ ಅಂದರೆ ಸ್ಟಾಕ್ (ಭುಜಕ್ಕೆ ಒತ್ತಿ ಇಡುವ ಹಿಂಭಾಗ) ಉದ್ದ ಜಾಸ್ತಿ.

ಪಿಸಿಪಿ ಆದರೆ ಎಲ್ಲಕ್ಕಿಂತ ಮೊದಲು ಸಿಲಿಂಡರ್ ತಿರುಗಿಸಿ ಅದರ ಮೇಲೆ ಕೊರೆದಿರುವ ದಿನಾಂಕ ಓದಿ. ವಾಲ್ಥರ್, ಫೈನ್‌ವರ್ಕ್‌ಬಾವ್‌ನಂಥ ಕಂಪನಿಗಳ ಸಿಲಿಂಡರಿಗೆ ತಯಾರಾದ ದಿನದಿಂದ ಹತ್ತು ವರ್ಷ ಆಯಸ್ಸು. ಅದು ಮುಗಿದಿದ್ದರೆ ರೈಫಲ್ ಎಷ್ಟೇ ಹೊಳೆಯುತ್ತಿರಲಿ, ಹೊಸ ಸಿಲಿಂಡರಿನ ದುಡ್ಡನ್ನು ಬೆಲೆಯಲ್ಲಿ ಕಳೆದೇ ಮಾತಾಡಿ. ದಿನಾಂಕ ಉಜ್ಜಿ ಅಳಿಸಿದ್ದರೆ ಆ ಗನ್ ಬೇಡ. ದಿನಾಂಕ ಸರಿ ಇದ್ದರೆ ಗಾಳಿ ತುಂಬಿಸಿ, ಮೀಟರಿನ ಮುಳ್ಳು ಎಲ್ಲಿದೆ ಅಂತ ಫೋಟೋ ತೆಗೆದುಕೊಳ್ಳಿ. ಒಂದು ರಾತ್ರಿ ಅವರ ಮನೆಯಲ್ಲೇ ಇರಲಿ. ಮರುದಿನ ಬೆಳಗ್ಗೆ ಹೋದಾಗ ತಂಪಿಗೆ ಮುಳ್ಳು ಕೂದಲಷ್ಟು ಇಳಿದಿದ್ದರೆ ಸರಿ. ಅದಕ್ಕಿಂತ ಜಾಸ್ತಿ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಸರಿಮಾಡಿಸಿ ಕೊಡಿ, ಆಮೇಲೆ ದುಡ್ಡಿನ ಮಾತಾಡೋಣ ಅನ್ನಿ.